ಮೂರು ಸಾವಿರದ ಹೆಡ್‌ಫೋನ್ ಬಿಟ್ಟು ಮೂವತ್ತು ಸಾವಿರದ್ದಕ್ಕೆ ಹೋಗಬಹುದಾ?

ಕೇಳಿದ್ದು:

ಬೆಂಗಳೂರಿನಲ್ಲಿದ್ದೇನೆ. ವಾರದಲ್ಲಿ 3 ದಿನ ಮನೆಯಿಂದಲೇ ಕೆಲಸ. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ, ಈಗ ಟೈಲ್ಸ್ ಕೆಲಸ ನಡೀತಿದೆ. ತಿಂಗಳಿಗೆರಡು ಸಲ ರಾತ್ರಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗುತ್ತೇನೆ. ಈಗಿರುವ ಹೆಡ್‌ಫೋನ್ ಮೂರು ಸಾವಿರದ್ದು. ಡಬ್ಬಿ ಮೇಲೆ ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಸದ್ದು ಅಡಗಿಸುತ್ತದೆ) ಅಂತ ಬರೆದಿದೆ, ಅಷ್ಟೇ. ಸೋನಿ, ಬೋಸ್, ಸೆನ್‌ಹೈಸರ್ ನೋಡುತ್ತಿದ್ದೇನೆ. ಆಂಡ್ರಾಯ್ಡ್ ಫೋನು, ಆಫೀಸಿನ ವಿಂಡೋಸ್ ಲ್ಯಾಪ್‌ಟಾಪ್. ಕನ್ನಡಕ ಹಾಕುತ್ತೇನೆ. ಇದಕ್ಕೆ ಅಷ್ಟೊಂದು ದುಡ್ಡು ಸುರಿಯಬೇಕಾ? ಬಳಸಿದವರು ದಯವಿಟ್ಟು ಹೇಳಿ.

ಉತ್ತರ 1:

ಎರಡು ವರ್ಷದ ಹಿಂದೆ ನಾನೂ ಇದೇ ಲೆಕ್ಕಾಚಾರದಲ್ಲಿದ್ದೆ. ಕೊನೆಗೆ ಸೋನಿಯ ಎಕ್ಸ್‌ಎಂ5 ತೆಗೆದುಕೊಂಡೆ. ಮನೆಗೆ ತಂದು ತಲೆಗೆ ಹಾಕಿ ಬಟನ್ ಒತ್ತಿದೆ. ಫ್ಯಾನ್ ಸದ್ದು ನಿಂತಿತು. ಕರೆಂಟ್ ಹೋಯಿತೇನೋ ಅಂತ ತಲೆ ಎತ್ತಿ ನೋಡಿದರೆ ಫ್ಯಾನ್ ತನ್ನ ಪಾಡಿಗೆ ತಿರುಗುತ್ತಿದೆ! ಹಳೆಯ ಅಗ್ಗದ ಹೆಡ್‌ಫೋನ್ ಹಾಕಿ ನೋಡಿದೆ, ಫ್ಯಾನ್ ಸ್ವಲ್ಪ ದೂರ ಹೋದ ಹಾಗಾಯಿತು, ಅಷ್ಟೇ. ಹತ್ತು ಪಟ್ಟು ದುಡ್ಡಿಗೆ ಸಿಗುವ ವ್ಯತ್ಯಾಸ ಅದು.

ಆದರೆ ದುಡ್ಡು ತೆಗೆಯುವ ಮೊದಲು ಒಂದು ಕೆಲಸ ಮಾಡಿ. ಹತ್ತು ನಿಮಿಷ ಸುಮ್ನೆ ಕೂತು, ನಿಮಗೆ ಕಾಟ ಕೊಡುತ್ತಿರುವ ಸದ್ದು ಯಾವುದು ಅಂತ ಕೇಳಿಸಿಕೊಳ್ಳಿ. 'ಗುಂಯ್' ಅನ್ನುತ್ತದಾ, 'ಕಿರ್ರ್' ಅನ್ನುತ್ತದಾ? ಗುಂಯ್ ಆದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಕಿರ್ರ್ ಆದರೆ ಸ್ವಲ್ಪ ತಡೆಯಿರಿ.

ನಾಯ್ಸ್ ಕ್ಯಾನ್ಸಲಿಂಗ್ ಕೆಲಸ ಮಾಡುವ ರೀತಿಯೇ ಹಾಗೆ. ಹೆಡ್‌ಫೋನಿನ ಮೈಕು ಹೊರಗಿನ ಸದ್ದನ್ನು ಹಿಡಿಯುತ್ತದೆ. ಆ ಅಲೆ ಏರುವಲ್ಲಿ ಇಳಿಯುವ, ಇಳಿಯುವಲ್ಲಿ ಏರುವ ಇನ್ನೊಂದು ಅಲೆಯನ್ನು ಕಿವಿಗೆ ಬಿಡುತ್ತದೆ. ಒಂದನ್ನೊಂದು ಹೊಡೆದುಹಾಕುತ್ತವೆ. ಬಸ್ಸಿನ ಇಂಜಿನ್, ಎಸಿ, ಫ್ಯಾನ್ ಥರ ಒಂದೇ ಸಮ ಬರುವ ದಪ್ಪ ಸದ್ದಿಗೆ ಇದು ಚೆನ್ನಾಗಿ ಹೊಂದುತ್ತದೆ. ಚೂಪು ಸದ್ದಿನ ಅಲೆ ತುಂಬ ಚಿಕ್ಕದು, ಕೂದಲೆಳೆಯಷ್ಟು ಆಚೀಚೆ ಆದರೂ ಹೊಂದುವುದಿಲ್ಲ. ಅದನ್ನು ತಡೆಯುವುದು ಕಿವಿಯ ಮೆತ್ತೆ ಮಾತ್ರ. ನಮ್ಮ ಪಕ್ಕದ ಮನೆಗೆ ಬೋರ್‌ವೆಲ್ ಕೊರೆಸಿದ ದಿನ ಲಾರಿಯ ಗೊರಗೊರ ಎಷ್ಟೋ ತಗ್ಗಿತು. ಅದೇ ಮನೆಯಲ್ಲಿ ಆಮೇಲೆ ಟೈಲ್ಸ್ ಕತ್ತರಿಸಿದಾಗ ನೆಟ್ಟಗೆ ತಲೆಯೊಳಗೇ ಬಂತು.

ಬೋಸ್ ಕಂಪನಿಯ ಇಂಥ ಹೆಡ್‌ಫೋನ್ ಹುಟ್ಟಿದ್ದೂ ಇಂಜಿನ್ ಕಾಟಕ್ಕೇ. 1978ರಲ್ಲಿ ಆ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಜ್ಯೂರಿಕ್‌ನಿಂದ ಹೊರಟ ವಿಮಾನದಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ಇಂಜಿನ್ ಸದ್ದಿನಲ್ಲಿ ಹಾಡು ಕೇಳುವುದೇ ಕಷ್ಟವಾಯಿತಂತೆ. ಅಲ್ಲೇ ಸೀಟಿನಲ್ಲಿ ಕೂತು ಲೆಕ್ಕ ಹಾಕಲು ಶುರು ಮಾಡಿದರು. ಬೋಸ್‌ನದ್ದು 1989ರಲ್ಲಿ ಪೈಲಟ್‌ಗಳಿಗೆ ಬಂತು, ನಮ್ಮಂಥವರ ಕೈಗೆ ಬಂದದ್ದು 2000ದಲ್ಲಿ.

ಹಾಗಾಗಿ ನಿಮ್ಮ ಶಿವಮೊಗ್ಗ ಬಸ್ಸಿಗೆ ಇದು ಹೇಳಿ ಮಾಡಿಸಿದ ವಸ್ತು. ಒಂದೇ ತಮಾಷೆ: ಇಂಜಿನ್ ಸದ್ದು ಹೋದ ಮೇಲೆ ಅದರಡಿ ಮುಚ್ಚಿಹೋಗಿದ್ದ ಹಿಂದಿನ ಸೀಟಿನ ಗೊರಕೆ ಸ್ಪಷ್ಟವಾಗಿ ಕೇಳಿಸುತ್ತದೆ.

ಇನ್ನೊಂದು ಲಾಭ ನಾನು ಎಣಿಸಿರಲೇ ಇಲ್ಲ. ಹಳೆಯದರಲ್ಲಿ ಬಸ್ಸಿನಲ್ಲಿ ಫೋನಿನ ವಾಲ್ಯೂಮ್ 15ರಲ್ಲಿ 12ಕ್ಕೆ ಇಡಬೇಕಿತ್ತು. ಈಗ 6 ಸಾಕು. 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಅದಕ್ಕಿಂತ ಜಾಸ್ತಿ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಮೊದಲು ಎಷ್ಟರಲ್ಲಿ ಕೇಳುತ್ತಿದ್ದೆನೋ ದೇವರಿಗೇ ಗೊತ್ತು.

ಉತ್ತರ 2:

ಕನ್ನಡಕದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಮೆತ್ತೆಗೂ ಕೆನ್ನೆಗೂ ನಡುವೆ ಸಂದಿ ಬಿಡುತ್ತದೆ. ಹೊರಗಿನ ಸದ್ದು ಒಳಗೆ, ಹಾಡಿನ ಬೇಸ್ ಹೊರಗೆ. ಒಂದು ಗಂಟೆ ಆದ ಮೇಲೆ ಕಿವಿ ಹಿಂದೆ ನೋವು ಬೇರೆ. ನಾನು ತೆಳು ಲೋಹದ ಕಡ್ಡಿಯ ಕನ್ನಡಕ ಮಾಡಿಸಿಕೊಂಡೆ. ಹೆಡ್‌ಫೋನ್‌ಗೋಸ್ಕರ ಕನ್ನಡಕ ಬದಲಿಸಿದವನು ಅಂತ ಮನೆಯಲ್ಲಿ ಇವತ್ತಿಗೂ ನಗುತ್ತಾರೆ.

ತೂಕವನ್ನೂ ನೋಡಿ. ಸೋನಿ ಎಕ್ಸ್‌ಎಂ5 ಸುಮಾರು 250 ಗ್ರಾಂ, ಸೆನ್‌ಹೈಸರ್ ಮೊಮೆಂಟಮ್ 4 ಸುಮಾರು 290, ಆಪಲ್ ಏರ್‌ಪಾಡ್ಸ್ ಮ್ಯಾಕ್ಸ್ 385ರ ಹತ್ತಿರ. ಕಾಗದದ ಮೇಲೆ ಇದೇನು ಮಹಾ ಅನ್ನಿಸುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಕುತ್ತಿಗೆ ಹೇಳುತ್ತದೆ.

ಉತ್ತರ 3:

ಆಫೀಸ್ ಲ್ಯಾಪ್‌ಟಾಪ್ ಅಂದಿರಲ್ಲ, ನನ್ನ ಪಾಡು ಕೇಳಿ. ಹೊಸ ಹೆಡ್‌ಫೋನಿನಲ್ಲಿ ಹಾಡು ಅದ್ಭುತ. ಮೀಟಿಂಗ್ ಶುರುವಾದ ತಕ್ಷಣ ಎಲ್ಲರೂ ಹಳೆಯ ಟ್ರಂಕ್ ಕಾಲ್‌ನಲ್ಲಿ ಮಾತಾಡಿದ ಹಾಗೆ. ಪೀಸ್ ಕೆಟ್ಟಿದೆ ಅಂತ ವಾಪಸ್ ಮಾಡಿ ಇನ್ನೊಂದು ತರಿಸಿದೆ. ಅದೂ ಹಾಗೇ!

ಆಮೇಲೆ ಗೊತ್ತಾಯಿತು, ಕೆಟ್ಟದ್ದು ಏನೂ ಇರಲಿಲ್ಲ. ಬ್ಲೂಟೂತ್‌ನಲ್ಲಿ ಹೆಡ್‌ಫೋನಿನ ಮೈಕನ್ನೂ ಬಳಸಿದರೆ ವಿಂಡೋಸ್ ಸಾಮಾನ್ಯವಾಗಿ ಫೋನ್ ಕರೆಯ ದಾರಿಗೆ ಹೊರಳುತ್ತದೆ. ಆಗ ಕೇಳಿಸುವ ಸದ್ದಿನ ಗುಣಮಟ್ಟವೂ ಬೀಳುತ್ತದೆ. ಈಗ ಮೀಟಿಂಗ್ ಸೆಟ್ಟಿಂಗ್‌ನಲ್ಲಿ ಮೈಕ್ ಲ್ಯಾಪ್‌ಟಾಪಿನದ್ದು, ಸ್ಪೀಕರ್ ಹೆಡ್‌ಫೋನಿನದ್ದು ಅಂತ ಆರಿಸಿಡುತ್ತೇನೆ. ಸಮಸ್ಯೆ ಹೋಯಿತು. ಆದರೆ ಟೈಲ್ಸ್ ಸದ್ದು ನಿಮ್ಮ ಮೈಕಿಗೂ ಬೀಳುತ್ತದೆ, ಮಾತಾಡದಾಗ ಮ್ಯೂಟ್ ಮಾಡಿಡಿ.

ಎರಡು ಸಾಧನಕ್ಕೆ ಒಟ್ಟಿಗೆ ಜೋಡಿಸುವ ಮಲ್ಟಿಪಾಯಿಂಟ್ ಇರುವುದನ್ನೇ ತೆಗೆದುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿರುವಾಗಲೇ ಫೋನ್ ಕರೆ ತೆಗೆಯಬಹುದು. ಅದಿಲ್ಲದೆ ದಿನಕ್ಕೆ ಹತ್ತು ಸಲ ಪೇರಿಂಗ್ ಮಾಡುವುದು ಯಾರಿಗೆ ಬೇಕು?

ಉತ್ತರ 4:

ಹೊಸ ಮಾಡೆಲ್ ಹಿಂದೆ ಓಡಬೇಡಿ. ಎಕ್ಸ್‌ಎಂ5 ಬಂದದ್ದು 2022ರಲ್ಲಿ, ಎಕ್ಸ್‌ಎಂ6 2025ರಲ್ಲಿ. ಹೊಸದು ಬಂದ ಮೇಲೆ ಹಳೆಯದರ ಮೇಲೆ ದಸರಾ, ದೀಪಾವಳಿ ಸೇಲ್‌ನಲ್ಲಿ ಕಣ್ಣಿಡಿ. ಎಕ್ಸ್‌ಎಂ5 ಮಡಚುವುದಕ್ಕೆ ಬರುವುದಿಲ್ಲ, ಎಕ್ಸ್‌ಎಂ6 ಮಡಚಬಹುದು. ಬಸ್ಸಿಗೆ ಬ್ಯಾಗು ಚಿಕ್ಕದಾದರೆ ಇದೂ ಲೆಕ್ಕಕ್ಕೆ ಬರುತ್ತದೆ. ಅರ್ಧ ಬೆಲೆಗೆ 'ಒರಿಜಿನಲ್' ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ, ನಾನು ಹೋಗಿದ್ದೆ. ಡಬ್ಬಿ ನೋಡಿದರೆ ಒರಿಜಿನಲ್ಲೇ. ಕಂಪನಿಯ ಆ್ಯಪ್‌ಗೆ ಜೋಡಿಸಲು ಹೋದರೆ ಹೆಸರೇ ಬರಲಿಲ್ಲ.

ಉತ್ತರ 5:

ನಾನು ಮಂಗಳೂರಿನವಳು. ಇಲ್ಲಿ ಏಪ್ರಿಲ್, ಮೇನಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಇದನ್ನು ಹಾಕಿಕೊಂಡರೆ ಕಿವಿ ಇಡ್ಲಿ ಪಾತ್ರೆಯೊಳಗೆ ಇಟ್ಟ ಹಾಗೆ. ಬೆವರಿಗೆ ಒಂದೂವರೆ ವರ್ಷದಲ್ಲಿ ಮೆತ್ತೆಯ ಸಿಪ್ಪೆ ಎದ್ದಿತು. ಕಪ್ಪು ಚೂರುಗಳು ಕೆನ್ನೆಗೆ ಅಂಟಿದ್ದು ಗೊತ್ತಿಲ್ಲದೆ ಮದುವೆ ಮನೆಗೆ ಹೋಗಿದ್ದೆ. ಮೆತ್ತೆ ಬೇರೆ ಸಿಗುತ್ತದೆ, ನಾವೇ ಹಾಕಿಕೊಳ್ಳಬಹುದು. ತೆಗೆದುಕೊಳ್ಳುವ ಮಾಡೆಲ್‌ಗೆ ಅದು ಸಿಗುತ್ತದಾ ಅಂತ ಮೊದಲೇ ನೋಡಿ. ಕೆಲಸ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಆಮೇಲೆ ಡಬ್ಬಿಗೆ ಹಾಕಿ.

ಮನೆಯಲ್ಲಿ ಒಬ್ಬರೇ ಇರುತ್ತೀರಾ? ಹಾಗಿದ್ದರೆ ಇನ್ನೊಂದು ಮಾತು. ಸಿಲಿಂಡರ್ ತಂದವರು ಬೆಲ್ ಒತ್ತಿ ಒತ್ತಿ ವಾಪಸ್ ಹೋದರು, ನಾನು ಒಳಗೇ ಇದ್ದೆ. ಈಗ ಸಿಲಿಂಡರ್ ಬರುವ ದಿನ ಒಂದು ಕಿವಿ ಬಿಟ್ಟುಕೊಂಡೇ ಕೆಲಸ ಮಾಡುತ್ತೇನೆ.

ಕೇಳಿದವರು, ಮೂರು ವಾರದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಹಾಗೆ ಮೊದಲು ಕೂತು ಕೇಳಿದೆ. ಮನೆಯಲ್ಲಿ ಪೂರ್ತಿ ಕಿರ್ರ್, ಬಸ್ಸಿನಲ್ಲಿ ಪೂರ್ತಿ ಗುಂಯ್. ಕಿರ್ರ್‌ಗೆ ಮೆಡಿಕಲ್ ಸ್ಟೋರಿನಿಂದ ಕಿವಿಗೆ ತುರುಕುವ ಸ್ಪಂಜಿನ ಬಿರಡೆ ತಂದೆ. ನೂರು ರೂಪಾಯಿಯೂ ಆಗಲಿಲ್ಲ, ಮೀಟಿಂಗ್ ಇಲ್ಲದ ಹೊತ್ತಿಗೆ ಸಾಕು.

ಗುಂಯ್‌ಗೆ ಅಂಗಡಿಗೆ ಹೋಗಿ ಒಂದೊಂದನ್ನೂ ಕನ್ನಡಕದ ಮೇಲೆ ಅರ್ಧ ಗಂಟೆ ಹಾಕಿಕೊಂಡು ನಿಂತೆ. ಸೇಲ್ಸ್ ಹುಡುಗ ಮೊದಲು ನಕ್ಕ, ಆಮೇಲೆ ಸ್ಟೂಲ್ ತಂದುಕೊಟ್ಟ. ನೋಡಲು ಚೆನ್ನಾಗಿದ್ದುದು ಹತ್ತು ನಿಮಿಷದಲ್ಲೇ ಕಡ್ಡಿಯನ್ನು ಒತ್ತಿತು. ಬೋಸ್‌ನದ್ದು ಹಾಕಿದ್ದೇ ಮರೆತುಹೋಯಿತು. ಬಜೆಟ್ ಸ್ವಲ್ಪ ದಾಟಿದರೂ ಅದನ್ನೇ ತಂದೆ.

ಮೊನ್ನೆ ಶುಕ್ರವಾರ ಹಾಕಿಕೊಂಡು ಬಸ್ ಹತ್ತಿದೆ. ತುಮಕೂರು ದಾಟುವಾಗ ಇಂಜಿನ್ ಇಲ್ಲ, ಎಸಿ ಇಲ್ಲ. ಗೊರಕೆ ಇತ್ತು, ಹಿಂದಿನ ಸೀಟಿನಿಂದ ಅಲ್ಲ, ಪಕ್ಕದಿಂದ. ಭದ್ರಾವತಿ ಬಂದದ್ದು ಗೊತ್ತಾಗಲಿಲ್ಲ. ಟೈಲ್ಸ್ ಕೆಲಸ ಇನ್ನೂ ಮುಗಿದಿಲ್ಲ, ಮೇಲಿನ ಅಂತಸ್ತು ಬಾಕಿಯಂತೆ.