ಗಾಣದ ಎಣ್ಣೆ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣ್ತಿಲ್ಲ, ಅನುಭವ ಇದ್ದವರು ಹೇಳಿ

ತಿಪಟೂರು ಗಾಣ: ಕೊಬ್ಬರಿ ಎಣ್ಣೆ ಮಾರೋಕೆ ಅಂತ ವೆಬ್‌ಸೈಟ್ ಮಾಡಿಸಿ 40 ದಿನ ಆಯ್ತು. ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ್ದು. ಸರ್ಚ್ ಕನ್ಸೋಲ್‌ಗೆ (ನಮ್ಮ ಸೈಟ್ ಗೂಗಲ್‌ನಲ್ಲಿ ಹೇಗಿದೆ ಅಂತ ನೋಡೋ ಗೂಗಲ್‌ನದೇ ಸೌಲಭ್ಯ) ಸೇರಿಸಿ ಸೈಟ್‌ಮ್ಯಾಪ್, ಅಂದರೆ ಪುಟಗಳ ಪಟ್ಟಿ, ಕೊಟ್ಟಿದ್ದೇನೆ. ಗಾಣದ ಹೆಸರು ಹಾಕಿ ಹುಡುಕಿದರೂ ಬರುತ್ತಿಲ್ಲ. ಇನ್ನೂ ಕಾಯಬೇಕಾ, ದುಡ್ಡು ಕೊಟ್ಟು ಯಾರಿಗಾದರೂ ವಹಿಸಬೇಕಾ?

ಕೋಲಾರ ನರ್ಸರಿ: ವಹಿಸಬೇಡಿ. ನಾನು ವಹಿಸಿ ಕೆಟ್ಟವನು. ಶ್ರೀನಿವಾಸಪುರದ ಕಡೆ ಮಾವಿನ ಸಸಿ ಬೆಳೆಸುತ್ತೇವೆ. ಕೆಲಸ ವಹಿಸಿಕೊಂಡವರು ಮೂರು ತಿಂಗಳಲ್ಲಿ ಗೂಗಲ್‌ನ ಮೊದಲ ಪುಟ ಗ್ಯಾರಂಟಿ ಅಂದರು. ಮುಂಗಡ 12,000, ಆಮೇಲೆ ತಿಂಗಳಿಗೆ 6,500ರಂತೆ ನಾಲ್ಕು ತಿಂಗಳು, ಮೇಲೆ 18% ಜಿಎಸ್‌ಟಿ. ಒಟ್ಟು 44,840. ಬಿಲ್ಲು ಇನ್ನೂ ಬೀರುವಿನಲ್ಲಿದೆ. ತಿಂಗಳು ತಿಂಗಳು ಬಣ್ಣದ ರಿಪೋರ್ಟ್ ಬರುತ್ತಿತ್ತು, ನೀವೇ ಮೊದಲ ಸ್ಥಾನ ಅಂತ. ಯಾವ ಪದಕ್ಕೆ ಅಂತ ನೋಡಿದರೆ ನಮ್ಮ ನರ್ಸರಿ ಹೆಸರಿಗೇ! ಹೆಸರು ಹಾಕಿ ಹುಡುಕುವವನಿಗೆ ನಾವು ಮೊದಲೇ ಗೊತ್ತಿರುತ್ತೀವಿ ಅಲ್ವಾ? ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಅದನ್ನು ಓದಿದ್ದು ದುಡ್ಡು ಕಟ್ಟಿದ ಮೇಲೆ.

ಬಿಎಚ್ ರಸ್ತೆ ಡಿಸೈನರ್: ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸರ್. ತುಮಕೂರಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ. ಪಾರ್ಟಿಗಳು ವಾಟ್ಸ್ಯಾಪ್‌ನಲ್ಲಿ ಎಂಟು ಫೋಟೋ ಕಳಿಸಿ ಇಷ್ಟೇ ಹಾಕಿ ಅಂತಾರೆ. ನಾಲ್ಕು ಸಾಲು ಬರೆದು ಕೊಡಿ ಅಂದರೆ ಫೋನೇ ಎತ್ತಲ್ಲ. ಏನೂ ಬರೆದಿಲ್ಲದ ಪುಟದಲ್ಲಿ ಗೂಗಲ್ ಏನು ಓದಬೇಕು?

ಶಿಡ್ಲಘಟ್ಟ ರೇಷ್ಮೆ: ನಾನು ಒಂದು ಪೈಸೆ ಖರ್ಚು ಮಾಡಲಿಲ್ಲ. ಆದರೆ 73 ದಿನ ಹೋಯ್ತು. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ರೀಡಿಂಗ್, ಕೆಳಗೆ ಒಂದು ಚಿಕ್ಕ ಚೌಕ ಇರುತ್ತೆ. ಸರ್ಚ್ ಎಂಜಿನ್‌ಗಳು ಈ ಸೈಟ್ ಸೇರಿಸಿಕೊಳ್ಳಬೇಡಿ ಅನ್ನೋದಕ್ಕೆ. ಸೈಟ್ ಕಟ್ಟುವಾಗ ಟಿಕ್ ಹಾಕಿದ ಹುಡುಗ ತೆಗೆಯೋದು ಮರೆತಿದ್ದ. ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಕಾಯುತ್ತಾ ಕೂತಾಗ ಮೊಬೈಲಲ್ಲೇ ಸರ್ಚ್ ಕನ್ಸೋಲ್ ತೆಗೆದೆ. ನಮ್ಮ ಪುಟದ ವಿಳಾಸ ಹಾಕಿದರೆ 'ನೋಇಂಡೆಕ್ಸ್' ಅಂತ ಬಂತು, ಅಂದರೆ ಗೂಗಲ್ ಪಟ್ಟಿಗೆ ಸೇರಿಸಬೇಡಿ ಅಂತ ನಮ್ಮ ಸೈಟೇ ಹೇಳ್ತಿದೆ. ಟಿಕ್ ತೆಗೆದ ಐದನೇ ದಿನಕ್ಕೆ ಮುಖಪುಟ ಕಾಣಿಸಿತು. ಉಳಿದ 14 ಪುಟ ಮಾತ್ರ ಎರಡು ತಿಂಗಳು 'ಡಿಸ್ಕವರ್ಡ್' (ಪುಟ ಇದೆ ಅಂತ ಗೂಗಲ್‌ಗೆ ಗೊತ್ತು, ಇನ್ನೂ ಸೇರಿಸಿಲ್ಲ) ಅಂತಲೇ ಕೂತಿದ್ದವು. ದಿನಾ ಬೆಳಿಗ್ಗೆ ಪುಟ ಸೇರಿಸಿಕೊಳ್ಳಿ ಅಂತ ಕೇಳೋ 'ರಿಕ್ವೆಸ್ಟ್ ಇಂಡೆಕ್ಸಿಂಗ್' ಗುಂಡಿ ಒತ್ತುತ್ತಿದ್ದೆ, ಸುಮ್ನೆ. ಪದೇ ಪದೇ ಒತ್ತಿದರೆ ಬೇಗ ಆಗಲ್ಲವಂತೆ.

ನಂದಿ ಹೋಂಸ್ಟೇ: ವೆಬ್‌ಸೈಟೇ ಯಾಕೆ ಬೇಕು? ಗೂಗಲ್ ಮ್ಯಾಪ್‌ಗೆ ಸೇರಿಸಿ ಸಾಕು. ಜಾಗ ನಿಜವಾಗಿ ಇದೆ ಅಂತ ಖಾತ್ರಿ ಮಾಡಿಕೊಳ್ಳೋಕೆ ಗೂಗಲ್‌ನವರು ನನಗೆ ವೀಡಿಯೋ ಕೇಳಿದರು. ರಸ್ತೆ, ಬೋರ್ಡು, ಬೀಗ ತೆಗೆಯೋದು ಎಲ್ಲ ಒಂದೇ ಓಟದಲ್ಲಿ ಚಿತ್ರೀಕರಿಸಬೇಕು, ಕತ್ತರಿಸುವ ಹಾಗಿಲ್ಲ. ಎರಡು ಸಲ ತಿರಸ್ಕಾರ. ನಮ್ಮ ಬೋರ್ಡಿಗೆ ದಾಸವಾಳ ಅಡ್ಡ ಬಂದಿತ್ತು. ನಮ್ಮತ್ತೆ ನೆಟ್ಟ ಗಿಡ, ಕಡಿಸಿದ್ದಕ್ಕೆ ಇವತ್ತಿಗೂ ಮಾತಿಲ್ಲ.

ಕೋಲಾರ ನರ್ಸರಿ: ಮೇಡಂ, ಅವರು ಎಣ್ಣೆ ಊರೂರಿಗೆ ಕಳಿಸಬೇಕು. ಮ್ಯಾಪ್ ನೋಡಿ ತಿಪಟೂರಿಗೆ ಬರ್ತಾರಾ?

ಬಿಎಚ್ ರಸ್ತೆ ಡಿಸೈನರ್: ಇನ್ನೊಂದು. ಇಂಗ್ಲಿಷ್‌ನಲ್ಲಿ ಊರ ಹೆಸರಿನ ಹಳೇ ಸ್ಪೆಲ್ಲಿಂಗೂ ಹಾಕಿ. ಜನ ಈಗಲೂ ಟುಮ್ಕೂರ್ ಅಂತಲೇ ಟೈಪ್ ಮಾಡ್ತಾರೆ.

ಶಿಡ್ಲಘಟ್ಟ ರೇಷ್ಮೆ: 2014ರ ನವೆಂಬರ್ 1ಕ್ಕೇ ಇಂಗ್ಲಿಷ್‌ನಲ್ಲೂ ತುಮಕೂರು ಅಂತ ಹೆಸರು ಬದಲಾಯ್ತಲ್ರೀ. ನಿಮ್ಮೂರನ್ನು ನೀವೇ ಟುಮ್ಕೂರ್ ಅಂದರೆ ಹೆಂಗೆ?

ಬಿಎಚ್ ರಸ್ತೆ ಡಿಸೈನರ್: ಅಭಿಮಾನ ಬೇರೆ, ವ್ಯಾಪಾರ ಬೇರೆ. ಹುಡುಕುವವನ ಕೈ ಹಿಡಿದು ಟೈಪ್ ಮಾಡಿಸ್ತೀರಾ?

ಶಿಡ್ಲಘಟ್ಟ ರೇಷ್ಮೆ: ನನ್ನ ಪುಟಗಳೆಲ್ಲ ಕನ್ನಡದಲ್ಲೇ ಇವೆ. ಮಗ್ಗದವರು ಓದಿ ಫೋನ್ ಮಾಡ್ತಾರೆ. ನಿಮ್ಮ ಉಪದೇಶ ಬೇಡ.

ತಿಪಟೂರು ಗಾಣ: ಜಗಳ ಸಾಕು ಅಣ್ಣಂದಿರಾ. ನನ್ನ ಲಾಗಿನ್‌ನಲ್ಲಿ ಸೆಟ್ಟಿಂಗ್ಸ್ ಅನ್ನೋದೇ ಇಲ್ಲ. ಪೋಸ್ಟ್ಸ್, ಪೇಜಸ್ ಇವೆ ಅಷ್ಟೇ.

ಶಿಡ್ಲಘಟ್ಟ ರೇಷ್ಮೆ: ಹಾಗಾದರೆ ಸೈಟ್ ಮಾಡಿದವರು ನಿಮಗೆ ಎಡಿಟರ್ ಲಾಗಿನ್ ಕೊಟ್ಟಿದ್ದಾರೆ, ಬರೆದದ್ದು ತಿದ್ದೋಕೆ ಮಾತ್ರ. ಪೂರ್ತಿ ಅಧಿಕಾರ ಇರೋ ಅಡ್ಮಿನ್ ಲಾಗಿನ್ ಕೇಳಿ ಇಸ್ಕೊಳ್ಳಿ.

ಕೋಲಾರ ನರ್ಸರಿ: ನೋಡಿದ್ರಾ? ಮನೆ ಕಟ್ಟಿಸಿದವನಿಗೆ ಬೀಗದ ಕೈ ಇಲ್ಲ!

ಬಿಎಚ್ ರಸ್ತೆ ಡಿಸೈನರ್: ಬಾಕಿ ಎಷ್ಟಿದೆ ಅಂತ ಮೊದಲು ಕೇಳಿ ಸರ್.

ತಿಪಟೂರು ಗಾಣ: 4,000 ಇದೆ. ಸೈಟ್ ಗೂಗಲ್‌ನಲ್ಲಿ ಬಂದ ಮೇಲೆ ಕೊಡ್ತೀನಿ ಅಂದಿದ್ದೆ.