ಫೋಕ್ಸ್‌ವ್ಯಾಗನ್ ಬೀಟಲ್ ಚಾಸಿಯ ಡ್ಯೂನ್ ಬಗ್ಗಿ ಕಾರು: ನಾಲ್ಕೂ ನಟ್ಟು ಬಿಚ್ಚಿದರೂ ಎಂಜಿನ್ ಈಚೆ ಬರುತ್ತಿಲ್ಲ

ಫೈಬರ್‌ಬಾಡಿ:
ಮೇಯರ್ಸ್ ಮ್ಯಾಂಕ್ಸ್ ಬಗ್ಗಿ ಮಾದರಿಯ ಫೈಬರ್ ಕಿಟ್ ಬಾಡಿ, ಕೆಳಗೆ ಗಿಡ್ಡ ಮಾಡಿದ 1968ರ ಬೀಟಲ್ ಚಾಸಿ, 1500 ಸಿಸಿ ಎಂಜಿನ್. 17 ನಂಬರ್ ನಟ್ಟು ನಾಲ್ಕೂ ತೆಗೆದಾಗಿದೆ. ಎರಡು ಸೆಂ.ಮೀ. ಹಿಂದೆ ಸರಿದು ನಿಂತುಬಿಟ್ಟಿದೆ. ಹಾರೆ ಹಾಕಿ ಮೀಟಬಹುದಾ?

ಹಳೇಪಾನಾ:
ಹಾರೆ ಮಾತ್ರ ಬೇಡ ಸರ್. ಎಂಜಿನ್ ಕೇಸು ಮೆಗ್ನೀಷಿಯಂ ಮಿಶ್ರಲೋಹ, ಅಂಚು ಚಕ್ಕೆ ಎದ್ದುಹೋಗುತ್ತೆ. ಅಷ್ಟು ಸರಿದಿದೆ ಅಂದಮೇಲೆ ತಕರಾರು ನಟ್ಟಿನದಲ್ಲ, ಜಾಕಿ ಎತ್ತರದ್ದು. ಗೇರ್‌ಬಾಕ್ಸ್ ಶಾಫ್ಟು ಕ್ಲಚ್ ಪ್ಲೇಟಿನ ಹಲ್ಲುಗಳನ್ನು ದಾಟಿ ಫ್ಲೈವೀಲ್ ನಡುವಿನ ಗ್ಲ್ಯಾಂಡ್ ನಟ್ಟಿನ ಬೇರಿಂಗಿನೊಳಗೆ ಕೂತಿರುತ್ತೆ. ಎಂಜಿನ್ ಚೂರು ವಾರೆಯಾದರೂ ಅಲ್ಲೇ ಕಚ್ಚಿಕೊಳ್ಳುತ್ತೆ.

ಎಂಜಿನ್ನಿಗೂ ಬೆಲ್‌ಹೌಸಿಂಗಿಗೂ (ಕ್ಲಚ್ಚನ್ನು ಮುಚ್ಚುವ ಗೇರ್‌ಬಾಕ್ಸಿನ ಬಾಯಿ) ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಸಂದು ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ ಎಂಜಿನ್ನಿನ ಹಿಂಭಾಗ ಜೋತುಬಿದ್ದಿದೆ: ಜಾಕಿ ಏರಿಸಿ. ತದ್ವಿರುದ್ಧ ಇದ್ದರೆ ಇಳಿಸಿ. ಸುತ್ತಲೂ ಸಂದು ಒಂದೇ ಸಮ ಆದಮೇಲೆ ಎಡಕ್ಕೂ ಬಲಕ್ಕೂ ಅಲುಗಾಡಿಸುತ್ತಾ ನೇರ ಹಿಂದಕ್ಕೆ ಎಳೆಯಿರಿ. ಸುಮಾರು ಹತ್ತು ಸೆಂ.ಮೀ. ಸರಿಯುವವರೆಗೆ ಜಾಕಿ ಇಳಿಸಲೇಬೇಡಿ. ನೂರು ಕಿಲೋ ಆಸುಪಾಸಿನ ಭಾರ ಶಾಫ್ಟಿನ ಮೇಲೆ ಬಿದ್ದರೆ ಕ್ಲಚ್ ಪ್ಲೇಟ್ ಸೊಟ್ಟಗಾಗುತ್ತೆ. ಜಾಕಿ ಮೇಲೊಂದು ಹಲಗೆ ಇರಲಿ, ಆಯಿಲ್ ಜಾಲರಿಯ ಮುಚ್ಚಳಕ್ಕೆ ಮಾತ್ರ ಆನಿಸಬೇಡಿ.

ಆಕ್ಸಿಲರೇಟರ್ ಕೇಬಲ್ ಕಾರ್ಬುರೇಟರಿನಿಂದ ಬಿಡಿಸಿದ್ದೀರಾ? ಅದು ಫ್ಯಾನ್ ಹೌಸಿಂಗ್ ಒಳಗಿನ ಕೊಳವೆಯಲ್ಲಿ ಹಾದುಹೋಗುತ್ತೆ, ಮರೆತರೆ ಇದೇ ತರ ಹಿಡಿದು ನಿಲ್ಲಿಸುತ್ತೆ. ಕ್ಲಚ್ ಕೇಬಲ್ ಗೇರ್‌ಬಾಕ್ಸ್ ಕಡೆಯದು, ಮುಟ್ಟೋದೇ ಬೇಡ.

ತಗಡುಡಬ್ಬಿ:
ಪೆಟ್ರೋಲ್ ಟ್ಯಾಂಕ್ ಮುಂದಿದೆ ಅಂತ ನಿರಾಳವಾಗಿರಬೇಡಿ. ಪೈಪ್ ಕಿತ್ತ ಮೇಲೂ ತಾನಾಗೇ ಹರಿಯುತ್ತೆ. ಹೋಸನ್ನು ಕ್ಲ್ಯಾಂಪ್ ಮಾಡಿ, ಬಾಯಿಗೆ 6 ಎಂ.ಎಂ. ಬೋಲ್ಟು ತುರುಕಿ, ಬ್ಯಾಟರಿಯ ಅರ್ತ್ ತೆಗೆದಿಡಿ. ಮೆಗ್ನೀಷಿಯಂಗೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಜೋರಾಗುತ್ತೆ.

ಫೈಬರ್‌ಬಾಡಿ:
ಸಂದು ಮೇಲೆ ಅಗಲ ಇತ್ತು. ಜಾಕಿ ಒಂದು ಬೆರಳಷ್ಟು ಏರಿಸಿದ್ದೇ ತಡ, ಜಾರಿ ಬಂತು! ಬೆಲ್‌ಹೌಸಿಂಗ್ ಒಳಗೆಲ್ಲ ಎಣ್ಣೆ ಜಿಡ್ಡು. ಏನೇನು ಬದಲಿಸಲಿ?

ಹಳೇಪಾನಾ:
ಮೊದಲು ಮೂಸಿ ನೋಡಿ. ಗಂಧಕದ ಘಾಟಿದ್ದರೆ ಗೇರ್ ಆಯಿಲ್, ಅಂದರೆ ಶಾಫ್ಟಿನ ಸೀಲ್ ಹೋಗಿದೆ. ಇಲ್ಲದಿದ್ದರೆ ಫ್ಲೈವೀಲ್ ಹಿಂದಿನ ಮೇನ್ ಸೀಲ್. ಅದಕ್ಕೆ 36ರ ಸಾಕೆಟ್‌ನಲ್ಲಿ ಗ್ಲ್ಯಾಂಡ್ ನಟ್ ಬಿಚ್ಚಬೇಕು. ಮತ್ತೆ ಬಿಗಿಯುವಾಗ 35 ಕೆಜಿ-ಮೀಟರ್ ಟಾರ್ಕ್ (ತಿರುಚುಬಲ). ಅದಾದಮೇಲೆ ಕ್ರ್ಯಾಂಕಿನ ಎಂಡ್ ಪ್ಲೇ (ಹಿಂದುಮುಂದಿನ ಅಲುಗಾಟ) ಡಯಲ್ ಗೇಜ್ ಇಟ್ಟು ಅಳೆಯಿರಿ: 0.07ರಿಂದ 0.13 ಎಂ.ಎಂ. ಒಳಗಿರಬೇಕು. ಹೆಚ್ಚುಕಡಿಮೆ ಇದ್ದರೆ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ, ಶಿಮ್ ಮೂರೇ ಇರಬೇಕು.

ಕ್ಲಚ್ ತರುವ ಮೊದಲು ಗೇರ್‌ಬಾಕ್ಸ್ ಶಾಫ್ಟಿನ ಸುತ್ತ ಗೈಡ್ ಕೊಳವೆ ಇದೆಯಾ ನೋಡಿ. ಇದ್ದರೆ ಅದು 1971ರಿಂದೀಚಿನ ಮಾದರಿ, ಕ್ಲಚ್ ಪ್ಲೇಟನ್ನು ಅದುಮುವ ಪ್ರೆಶರ್ ಪ್ಲೇಟಿನ ನಡುವೆ ಉಂಗುರ ಇರಬಾರದು. ಇಲ್ಲದಿದ್ದರೆ ಉಂಗುರ ಇರುವುದೇ ಬೇಕು. ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗೂ ಅದಕ್ಕೆ ತಕ್ಕದ್ದೇ. ಕಿಟ್ ಕಾರುಗಳಲ್ಲಿ ಗೇರ್‌ಬಾಕ್ಸ್ ಯಾವ ವರ್ಷದ್ದೋ, ಚಾಸಿ ಯಾವ ವರ್ಷದ್ದೋ. 1968 ಅಂತ ಹೇಳಿ ಅಂಗಡಿಯಿಂದ ತರಬೇಡಿ.

ಕೂರಿಸುವಾಗ ಆ ನಾಲ್ಕು ನಟ್ಟಿಗೆ 3 ಕೆಜಿ-ಮೀಟರ್ ಸಾಕು. ನಟ್ಟು ಬಿಗಿದು ಎಂಜಿನ್ನನ್ನು ಒಳಗೆ ಎಳೆದುಕೊಳ್ಳಬೇಡಿ, ಅಂಚಿಗೆ ಅಂಚು ಕೈಯಲ್ಲೇ ಕೂತಮೇಲೆ ಬಿಗಿಯಿರಿ.