ಓದುಗರ ಸ್ಪಂದನ: ಸ್ಟುಟ್‌ಗಾರ್ಟೋ, ಧಾರವಾಡವೋ?

ಸಮಸ್ಯೆ: 28 ವರ್ಷದಿಂದ ಜರ್ಮನಿಯಲ್ಲಿದ್ದೇವೆ. ಯಜಮಾನರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಅವರಿಗೆ ಧಾರವಾಡದ ಮನೆಯಲ್ಲಿ ಇರುವ ಆಸೆ. ನನಗೆ ಇಲ್ಲಿರುವ ಮಗಳು, ಮೊಮ್ಮಗನನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಏನು ಮಾಡಲಿ?

ಅಕ್ಕಾವ್ರೇ, ಮೊದಲು ಕಾಗದಪತ್ರ ನೋಡಿಕೊಳ್ಳಿ, ಜಗಳ ಆಮೇಲೂ ಆಡಬಹುದು. ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ ತಿಂಗಳಿಂದ ಜಾರಿಯಲ್ಲಿದೆ. ಧಾರವಾಡದಲ್ಲಿ ಕೂತರೂ ಪಿಂಚಣಿ ಬರುತ್ತದೆ. ನನಗೆ ಬರುತ್ತಿದೆ. ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಎಂಬ ಫಾರಂಗೆ ಸಹಿ, ಮೊಹರು ಹಾಕಿಸಬೇಕು, ಅಷ್ಟೇ. ಮೊದಲ ಸಲ ಬ್ಯಾಂಕಿಗೆ ಒಯ್ದಾಗ ಮ್ಯಾನೇಜರು, “ಸಾಹೇಬ್ರ, ಎದುರಿಗೇ ಕುಂತೀರಲ್ರೀ, ಮತ್ತ್ಯಾಕ ಇದು?” ಎಂದು ನಕ್ಕಿದ್ದರು.

ತೊಡಕಿರುವುದು ಆರೋಗ್ಯ ವಿಮೆಯಲ್ಲಿ. ಅದು ಈ ಒಪ್ಪಂದದೊಳಗಿಲ್ಲ. ಇಲ್ಲಿ ಭಾರತದಲ್ಲಿ ಮಂಡಿ ಆಪರೇಷನ್ ಆದರೆ ಜರ್ಮನಿಯ ಸರ್ಕಾರಿ ವಿಮೆ ದುಡ್ಡು ಕೊಡುವುದಿಲ್ಲ. ಈ ವಯಸ್ಸಿಗೆ ಇಲ್ಲಿ ಹೊಸ ಪಾಲಿಸಿ ಕೇಳಿದರೆ ಶುಗರ್, ಬಿಪಿ ಅಂತ ನೂರೆಂಟು ಪ್ರಶ್ನೆ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಇನ್ನೊಂದು ಮಾತು. ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಅಲ್ಲಿನ ಕಾಯಂ ವಾಸದ ಪರವಾನಗಿ ಸಾಮಾನ್ಯವಾಗಿ ರದ್ದಾಗುತ್ತದೆ. 15 ವರ್ಷ ಅಲ್ಲಿದ್ದು, ಜೀವನಕ್ಕೆ ಸಾಕಾಗುವ ಆದಾಯ ಇರುವವರಿಗೆ ವಿನಾಯಿತಿ ಉಂಟು. ವಿಮಾನ ಹತ್ತುವ ಮುಂಚೆ ಅದನ್ನು ಲಿಖಿತವಾಗಿ ಪಡೆದುಕೊಳ್ಳಿ.
– ಹಳೇ ಸ್ಟುಟ್‌ಗಾರ್ಟಿನವ, ಹುಬ್ಬಳ್ಳಿ

ಮೊಮ್ಮಗನಿಗೆ ನೀವು ಎಷ್ಟು ಹೊತ್ತು ಬೇಕು ಅಂತ ಮಗಳನ್ನೇ ಕೇಳಿದ್ದೀರಾ? ಯುರೋಪಿನಲ್ಲಿ 50 ದಾಟಿದವರ ಬದುಕನ್ನು 2004ರಿಂದ ಗಮನಿಸುತ್ತಿರುವ ‘ಶೇರ್’ ಸಮೀಕ್ಷೆಯಲ್ಲಿ ಒಂದು ತಮಾಷೆ ಕಂಡಿದೆ. ಸ್ವೀಡನ್, ಡೆನ್ಮಾರ್ಕಿನಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿ-ತಾತಂದಿರು ಜಾಸ್ತಿ, ಆದರೆ ಯಾವಾಗಲೋ ಒಮ್ಮೆ. ಇಟಲಿ, ಗ್ರೀಸಿನಲ್ಲಿ ಅಂಥವರು ಕಡಿಮೆ, ನೋಡಿಕೊಳ್ಳುವವರು ಮಾತ್ರ ಹೆಚ್ಚುಕಮ್ಮಿ ದಿನಾ. ಶಿಶುವಿಹಾರ ಚೆನ್ನಾಗಿರುವ ಕಡೆ ಅಜ್ಜಿ ಬೇಕಾಗುವುದು ಮಗುವಿಗೆ ಜ್ವರ ಬಂದಾಗ. ಜರ್ಮನಿಯಲ್ಲೂ 2013ರಿಂದ ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಕೊಡಲೇಬೇಕೆಂಬ ಕಾನೂನಿದೆ.

ನನ್ನ ಕಥೆಯೂ ಅದೇ. ಮೊಮ್ಮಗಳಿಗೋಸ್ಕರ ಅಂತ ಇಲ್ಲಿ ಬಂದು ಕೂತೆ. ಅವಳು ಎಂಟಕ್ಕೆ ಹೋದರೆ ಬರುವುದು ನಾಲ್ಕಕ್ಕೆ. ಬಿಸಿ ಬಿಸಿ ಮಾಡಿಟ್ಟ ಸಾರನ್ನ ಆರಿರುತ್ತಿತ್ತು. ಅವಳೋ, ಅಲ್ಲೇ ಊಟ ಮಾಡಿಕೊಂಡು ಬಂದಿರುತ್ತಿದ್ದಳು.
– ಅಜ್ಜಿ, ಮಾಲ್ಮೊ, ಸ್ವೀಡನ್

ಯಜಮಾನರ ತಲೆಯಲ್ಲಿರುವುದು 28 ವರ್ಷದ ಹಿಂದಿನ ಧಾರವಾಡ, ಅಲ್ವಾ? ಜರ್ಮನಿಯ ಮನೆ ಬಿಡುವ ಮಾತು ಈಗಲೇ ಬೇಡ. ಇಬ್ಬರೂ ಒಂದು ಮಳೆಗಾಲ ಇದ್ದು ಬನ್ನಿ. ವಾಪಸ್ ಟಿಕೆಟ್ ಕೈಯಲ್ಲಿರಲಿ.
– ಓದುಗ, ಬೆಳಗಾವಿ